ಹಳೆಯ ಚಿತ್ರ ನಕಲು ಮಾಡುತ್ತ ಆಯಿಲ್ ಪೋರ್ಟ್ರೇಟ್ ಕಲಿಯುವುದು

ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಪೋರ್ಟ್ರೇಟ್ ಕಲಿಯಬೇಕು ಅನ್ನುವವರು ಸಾಮಾನ್ಯವಾಗಿ ಫೋಟೋದಿಂದ ಶುರು ಮಾಡುತ್ತಾರೆ. ತೀರಿಹೋದ ಮುತ್ಯಾನ ಫೋಟೋ, ಇಲ್ಲವೇ ಮಠದ ಅಜ್ಜಾರ ಫೋಟೋ. ಎರಡನೇ ವಾರಕ್ಕೇ ಕೈ ನಿಂತು ಹೋಗುತ್ತದೆ. ಫೋಟೋದಲ್ಲಿ ಮುಖ ಇರುತ್ತದೆ ನಿಜ. ಆದರೆ ಆ ಮುಖವನ್ನು ಬಣ್ಣದಲ್ಲಿ ಹೇಗೆ ಕಟ್ಟಬೇಕು ಅನ್ನುವುದು ಅದರಲ್ಲಿ ಇರುವುದಿಲ್ಲ. ಬಣ್ಣ ಎಲ್ಲಿ ದಪ್ಪ, ಎಲ್ಲಿ ತೆಳು? ಯಾವ ಅಂಚು ಕರಗಬೇಕು, ಯಾವುದು ಚೂಪಾಗಿ ಉಳಿಯಬೇಕು? ಹಳೆಯ ಕಲಾವಿದರ ಚಿತ್ರದಲ್ಲಿ ಈ ತೀರ್ಮಾನಗಳೆಲ್ಲ ಆಗಲೇ ಆಗಿಹೋಗಿವೆ. ಆ ತೀರ್ಮಾನಗಳನ್ನು, ಅವರು ಮಾಡಿದ ಕ್ರಮದಲ್ಲೇ ನಕಲು ಮಾಡಿ. ಹೋಲಿಕೆ ಅದರ ಹಿಂದೆಯೇ ಬರುತ್ತದೆ.

ನಕಲು ಅಂದರೆ ಮೂಗು ಮುರಿಯುವವರು ಇದ್ದೇ ಇರುತ್ತಾರೆ. ಫ್ಲಾಂಡರ್ಸ್‌ನ ಕಲಾವಿದ ರೂಬೆನ್ಸ್ ಯುರೋಪಿನಲ್ಲೆಲ್ಲ ಹೆಸರು ಮಾಡಿದ ಮೇಲೂ, 1628ರಲ್ಲಿ ಮ್ಯಾಡ್ರಿಡ್‌ಗೆ ಹೋದಾಗ, ತನಗಿಂತ ಹಿಂದಿನ ಇಟಲಿಯ ಕಲಾವಿದ ಟಿಶಿಯನ್‌ನ ಚಿತ್ರಗಳ ಮುಂದೆ ಕೂತು ನಕಲು ಮಾಡಿದ. ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿ ಇವತ್ತಿಗೂ ಅನುಮತಿ ಪಡೆದು, ಈಸಲ್ ಇಟ್ಟುಕೊಂಡು ನಕಲು ಮಾಡಬಹುದು. ಮೂಲ ಚಿತ್ರದ ಅಳತೆಯಲ್ಲೇ ಮಾಡುವ ಹಾಗಿಲ್ಲ, ಅಷ್ಟೇ. ನಮ್ಮ ಭಾಗಕ್ಕೂ ಈ ವಿದ್ಯೆ ಹೊಸದಲ್ಲ. 1956ರವರೆಗೆ ನಾವು ಮುಂಬೈ ಸರ್ಕಾರದ ಕೆಳಗಿದ್ದೆವು, ಚಿತ್ರ ಕಲಿಯುವವರು ಮುಂಬೈನ ಜೆ.ಜೆ. ಸ್ಕೂಲಿನ ಕಡೆಗೇ ನೋಡುತ್ತಿದ್ದರು. ಧಾರವಾಡದಲ್ಲಿ ಡಿ.ವಿ. ಹಾಲಭಾವಿ, ಗದಗಿನಲ್ಲಿ ಟಿ.ಪಿ. ಅಕ್ಕಿ ಅವರು ಊರಲ್ಲೇ ಕಲಾಶಾಲೆ ಕಟ್ಟಿದರು.

ಯಾವ ಚಿತ್ರ ಆರಿಸಬೇಕು

ಮೊದಲ ನಕಲಿಗೆ ನಾನು ಹೇಳುವುದು ಡಚ್ ಕಲಾವಿದ ವರ್ಮೀರ್‌ನ ‘ಮುತ್ತಿನ ಓಲೆಯ ಹುಡುಗಿ’. ಸುಮಾರು 1665ರದ್ದು, ನೆದರ್‌ಲೆಂಡ್ಸ್‌ನ ಹೇಗ್ ನಗರದ ಮೌರಿತ್ಸ್‌ಹೌಸ್ ಮ್ಯೂಸಿಯಂನಲ್ಲಿದೆ. ಎಲ್ಲರಿಗೂ ಗೊತ್ತಿರುವ ಚಿತ್ರ, ಅದಕ್ಕೇ ಸವಕಲು ಅನಿಸಬಹುದು. ಇರಲಿ. ಕಲಿಯುವವರಿಗೆ ಇದರಲ್ಲಿ ಅನುಕೂಲ ಜಾಸ್ತಿ. ಒಂದೇ ತಲೆ, ಕೈಗಳಿಲ್ಲ, ಹಿಂದೆ ಬರೀ ಕತ್ತಲು. ಬೆಳಕು ಒಂದೇ ಕಡೆಯಿಂದ, ನಮ್ಮ ಎಡಗಡೆಯಿಂದ, ಬೀಳುತ್ತದೆ. ಆಕಾರಗಳು ದೊಡ್ಡವು, ಸರಳ. ಮ್ಯೂಸಿಯಂನವರೇ ಒಳ್ಳೆಯ ಗುಣಮಟ್ಟದ ಚಿತ್ರವನ್ನು ಇಂಟರ್ನೆಟ್ಟಿನಲ್ಲಿ ಇಟ್ಟಿದ್ದಾರೆ. ಕಾಪಿರೈಟ್ ತಕರಾರೂ ಇಲ್ಲ.

ಎಲ್ಲಕ್ಕಿಂತ ಮುಖ್ಯ, ಈ ಚಿತ್ರ ಹೇಗೆ ತಯಾರಾಯಿತು ಅನ್ನುವುದು ನಮಗೆ ಸುಮಾರಾಗಿ ಗೊತ್ತಿದೆ. 2018ರಲ್ಲಿ ಅದನ್ನು ಗೋಡೆಯಿಂದ ಇಳಿಸಿ ಸ್ಕ್ಯಾನ್ ಮಾಡಿ ಪದರ ಪದರವಾಗಿ ನೋಡಿದರು. ವರ್ಮೀರ್ ಮೊದಲು ಕಂದು ಮತ್ತು ಕಪ್ಪು ಬಣ್ಣದಲ್ಲಿ ನೆರಳು-ಬೆಳಕು ಹಾಕಿಕೊಂಡಿದ್ದ. ಆಮೇಲೆ ಹಿಂದಿನಿಂದ ಮುಂದಕ್ಕೆ ಬಂದ: ಹಿನ್ನೆಲೆ, ಮುಖ, ಹಳದಿ ಅಂಗಿ, ಬಿಳಿ ಕಾಲರ್, ತಲೆವಸ್ತ್ರ, ಕೊನೆಗೆ ಮುತ್ತು. ಕಿವಿಯ ಜಾಗ, ತಲೆವಸ್ತ್ರದ ಮೇಲ್ಭಾಗ, ಕತ್ತಿನ ಹಿಂಭಾಗ ಇವನ್ನು ನಡುವೆ ಬದಲಾಯಿಸಿದ್ದ. ಈಗ ಕಪ್ಪಾಗಿ ಕಾಣುವ ಹಿನ್ನೆಲೆ ಆಗ ಹಸಿರು ಪರದೆಯಾಗಿತ್ತು. ಅಂದರೆ ನಮ್ಮ ಕೈಯಲ್ಲಿ ಚಿತ್ರವೂ ಇದೆ, ಅದನ್ನು ಬರೆದ ಕ್ರಮವೂ ಇದೆ.

ರವಿವರ್ಮನಿಂದಲೇ ಶುರು ಮಾಡಬಾರದೇ ಅಂತ ಕೇಳುವವರಿದ್ದಾರೆ. ಮಾಡಬಹುದು, ಎರಡನೇ ನಕಲಿಗೆ. ಜರಿ ಸೀರೆ, ಒಡವೆ, ಕೈಬೆರಳು ಎಲ್ಲ ಒಟ್ಟಿಗೆ ಬಂದರೆ ಹೊಸಬರು ಮುಖವನ್ನು ಬಿಟ್ಟು ಒಡವೆಯ ಹಿಂದೆ ಬೀಳುತ್ತಾರೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ‘ದೀಪ ಹಿಡಿದ ಮಹಿಳೆ’ಯನ್ನು ಕೂಡ ಅನೇಕರು ಆರಿಸುತ್ತಾರೆ. ಎಸ್.ಎಲ್. ಹಳದಣಕರ್ ಅವರ ಆ ಚಿತ್ರ ಜಲವರ್ಣದ್ದು. ಅದರಿಂದ ಆಯಿಲ್ ಕಲಿಯಲು ಹೋದರೆ ಸುಮ್ನೆ ತಲೆನೋವು.

ಸಾಮಾನು

ಮೂಲ ಚಿತ್ರ 44.5 ಸೆಂ.ಮೀ. ಎತ್ತರ, 39 ಸೆಂ.ಮೀ. ಅಗಲ. ನೀವು 16 ಇಂಚು ಎತ್ತರ, 14 ಇಂಚು ಅಗಲದ ಕ್ಯಾನ್ವಾಸ್ ತೆಗೆದುಕೊಳ್ಳಿ. ಪ್ರಮಾಣ ಹೆಚ್ಚುಕಡಿಮೆ ಅದೇ ಬರುತ್ತದೆ, ಅಳತೆ ಸ್ವಲ್ಪ ಚಿಕ್ಕದಾಗುತ್ತದೆ. ರೆಡಿ ಕ್ಯಾನ್ವಾಸ್ ಈ ಅಳತೆಯಲ್ಲಿ ಸಿಗದಿದ್ದರೆ ಪ್ರೈಮರ್ ಹಚ್ಚಿದ ಕ್ಯಾನ್ವಾಸ್ ಬಟ್ಟೆ ತಂದು, ಫೋಟೋಕ್ಕೆ ಕಟ್ಟು ಹಾಕುವ ಅಂಗಡಿಯಲ್ಲಿ ಚೌಕಟ್ಟು ಮಾಡಿಸಿ. ಬಟ್ಟೆಯನ್ನು ಎಳೆದು ಮೊಳೆ ಹೊಡೆದ ಮೇಲೆ ಬೆರಳಿನಿಂದ ತಟ್ಟಿದರೆ ಸದ್ದು ಬರಬೇಕು. ಜೋಲು ಬಿದ್ದಿದ್ದರೆ ವಾಪಸ್ ಕೊಡಿ.

ಬಣ್ಣ ಎಂಟು ಟ್ಯೂಬ್ ಸಾಕು: ಟೈಟಾನಿಯಂ ವೈಟ್, ಯೆಲ್ಲೋ ಓಕರ್, ವರ್ಮಿಲಿಯನ್, ಕ್ರಿಮ್ಸನ್, ರಾ ಅಂಬರ್, ಬರ್ನ್ಟ್ ಅಂಬರ್, ಅಲ್ಟ್ರಾಮರೀನ್ ಬ್ಲೂ, ಐವರಿ ಬ್ಲ್ಯಾಕ್. ಬಿಳಿ ಮಾತ್ರ ದೊಡ್ಡ ಟ್ಯೂಬ್ ಇರಲಿ. ‘ಸ್ಕಿನ್’ ಅಂತ ಬರೆದ ಟ್ಯೂಬ್ ಕೊಟ್ಟರೆ ಬೇಡ ಅನ್ನಿ. ಚರ್ಮದ ಬಣ್ಣ ಟ್ಯೂಬಿನಲ್ಲಿ ಸಿಗುವುದಿಲ್ಲ. ಬ್ರಷ್‌ನಲ್ಲಿ ಗಟ್ಟಿ ಕೂದಲಿನ ಚಪ್ಪಟೆ ಎರಡು, ಮೆತ್ತಗಿನವು ಎರಡು, ತೆಳ್ಳಗಿನ ದುಂಡನೆಯದು ಒಂದು. ಅದಕ್ಕಿಂತ ಜಾಸ್ತಿ ಬೇಡ.

ಎಣ್ಣೆಯ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು. ಆಯಿಲ್ ಪೇಂಟಿಂಗಿಗೆ ಬೇಕಾದದ್ದು ಲಿನ್ಸೀಡ್ ಆಯಿಲ್, ಅಂದರೆ ನಾವು ಚಟ್ನಿಪುಡಿ ಮಾಡಿ ರೊಟ್ಟಿ ಜೊತೆ ತಿನ್ನುವ ಅದೇ ಅಗಸಿಯ ಎಣ್ಣೆ. ಹಾಗಂತ ಗಾಣದ ಎಣ್ಣೆ ತಂದು ಸುರಿಯಬೇಡಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದರೆ “ಡಬಲ್ ಬಾಯಿಲ್ಡ್ ಕೊಡ್ಲೇನ್ರೀ?” ಅನ್ನುತ್ತಾರೆ. ಅದು ಬಾಗಿಲು, ಕಿಟಕಿಗೆ ಹಚ್ಚುವುದು. ಕ್ಯಾನ್ವಾಸ್ ಮೇಲೆ ಕಾಲ ಕಳೆದ ಹಾಗೆ ಕಪ್ಪಾಗುತ್ತದೆ. ಕಲಾ ಸಾಮಗ್ರಿ ಅಂಗಡಿಯ ರಿಫೈನ್ಡ್ ಲಿನ್ಸೀಡ್ ಆಯಿಲ್ ಚಿಕ್ಕ ಬಾಟಲಿ ಸಾಕು. ಜೊತೆಗೆ ಟರ್ಪೆಂಟೈನ್ ಒಂದು ಬಾಟಲಿ, ಅದೂ ಅಲ್ಲಿಯದೇ ಇರಲಿ.

ಒಂದು ಎಚ್ಚರಿಕೆ. ಲಿನ್ಸೀಡ್ ಎಣ್ಣೆ ಆರುವುದು ನೀರಿನ ಹಾಗೆ ಆವಿಯಾಗಿ ಅಲ್ಲ. ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ, ಆಗ ಬಿಸಿ ಹುಟ್ಟುತ್ತದೆ. ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾವಾಗಿಯೇ ಬೆಂಕಿ ಹತ್ತಬಹುದು. ಹರವಿ ಒಣಗಿಸಿ, ಇಲ್ಲವೇ ನೀರಿನಲ್ಲಿ ನೆನೆಸಿಡಿ. ಟರ್ಪೆಂಟೈನ್ ಡಬ್ಬಿಯ ಬಾಯಿ ಮುಚ್ಚಿರಲಿ, ಕಿಟಕಿ ತೆರೆದಿರಲಿ. ಅಡುಗೆಮನೆಯಲ್ಲಂತೂ ಬೇಡವೇ ಬೇಡ.

ಜಾಗ, ಬೆಳಕು, ಕಾಲ

ಉತ್ತರದ ಕಿಟಕಿ ಇದ್ದರೆ ಅದರ ಪಕ್ಕ ಕೂತುಕೊಳ್ಳಿ. ಬಿಸಿಲು ನೇರ ಬೀಳುವುದಿಲ್ಲ, ಬೆಳಕು ಬೇಗ ಬದಲಾಗುವುದೂ ಇಲ್ಲ. ಕೆಲಸ ಮುಗಿಸಿ ಸಂಜೆ ಕೂರುವವರು ಬಿಳಿ ಎಲ್‌ಇಡಿ ಹಾಕಿಕೊಳ್ಳಿ, ಡಬ್ಬಿಯ ಮೇಲೆ 5000 ಕೆಲ್ವಿನ್ ಆಸುಪಾಸು ಬರೆದಿರುವುದು. ಹಳದಿ ಬಲ್ಬಿನ ಕೆಳಗೆ ಬೆರೆಸಿದ ಬಣ್ಣ ಬೆಳಿಗ್ಗೆ ನೋಡಿದರೆ ಬೇರೆಯೇ ಕಾಣುತ್ತದೆ.

ಮೊಬೈಲ್ ಪರದೆ ನೋಡಿ ಬರೆಯಬೇಡಿ. ಪರದೆ ಒಳಗಿಂದ ಹೊಳೆಯುತ್ತದೆ, ಬಣ್ಣ ಹಾಗೆ ಹೊಳೆಯಲು ಸಾಧ್ಯವಿಲ್ಲ. ಎ3 ಕಾಗದದ ಮೇಲೆ, ಹೊಳಪಿಲ್ಲದ ಪ್ರಿಂಟ್ ತೆಗೆಸಿ. ಕಲರ್ ಒಂದು, ಬ್ಲ್ಯಾಕ್ ಅಂಡ್ ವೈಟ್ ಒಂದು. ಎರಡನೆಯದೇ ಜಾಸ್ತಿ ಉಪಯೋಗಕ್ಕೆ ಬರುತ್ತದೆ. ಪ್ರಿಂಟ್ ಮತ್ತು ಕ್ಯಾನ್ವಾಸ್ ಅಕ್ಕಪಕ್ಕ, ಒಂದೇ ಬೆಳಕಿನಲ್ಲಿ, ಒಂದೇ ಎತ್ತರದಲ್ಲಿ ನಿಂತಿರಲಿ. ಮೊಬೈಲ್ ಬೇಕಾಗುವುದು ಕಣ್ಣು, ತುಟಿಯನ್ನು ದೊಡ್ಡದು ಮಾಡಿ ನೋಡಲಿಕ್ಕೆ ಮಾತ್ರ.

ಧಾರವಾಡದ ಜಿಟಿಜಿಟಿ ಮಳೆ ಶುರುವಾದ ಮೇಲೆ ಆಯಿಲ್ ಒಣಗುವುದು ನಿಧಾನ, ಕ್ಯಾನ್ವಾಸಿನ ಹಿಂದೆ ಬೂಷ್ಟೂ ಬರುತ್ತದೆ. ಗದಗಿನವರಿಗೆ ಆ ಕಾಟ ಕಡಿಮೆ, ಅವರಿಗೆ ಧೂಳಿನ ಕಾಟ. ದೀಪಾವಳಿಯಿಂದ ಹೋಳಿಯವರೆಗಿನ ದಿನಗಳು ಈ ಕೆಲಸಕ್ಕೆ ಚೆನ್ನ. ಒಣಗಲು ಇಡುವಾಗ ಕತ್ತಲೆ ಕಪಾಟಿನಲ್ಲಿ ಇಡಬೇಡಿ, ಎಣ್ಣೆ ಹಳದಿಯಾಗುತ್ತದೆ. ಬೆಳಕು-ಗಾಳಿ ಇರುವ ಕೋಣೆಯಲ್ಲಿ, ಮುಖ ಗೋಡೆಯ ಕಡೆ ಸ್ವಲ್ಪ ವಾಲಿಸಿ ನಿಲ್ಲಿಸಿದರೆ ಧೂಳು ಕೂರುವುದಿಲ್ಲ.

ಮೊದಲ ಹೆಜ್ಜೆ: ತಳದ ಬಣ್ಣ ಮತ್ತು ಗೆರೆ

ಬಿಳಿ ಕ್ಯಾನ್ವಾಸಿನ ಮೇಲೆ ನೇರ ಶುರು ಮಾಡಬೇಡಿ. ಬಿಳಿಯ ಪಕ್ಕದಲ್ಲಿ ಯಾವ ಬಣ್ಣವೂ ಕಪ್ಪಾಗಿಯೇ ಕಾಣುತ್ತದೆ, ಕಣ್ಣು ಮೋಸ ಹೋಗುತ್ತದೆ. ರಾ ಅಂಬರನ್ನು ಟರ್ಪೆಂಟೈನಿನಲ್ಲಿ ತೆಳ್ಳಗೆ ಮಾಡಿ ಇಡೀ ಕ್ಯಾನ್ವಾಸಿಗೆ ಹಚ್ಚಿ, ಬಟ್ಟೆಯಿಂದ ಒರೆಸಿ ತೆಗೆಯಿರಿ. ಉಳಿಯುವ ತಿಳಿ ಕಂದು ಸಾಕು. ಎರಡು ದಿನ ಬಿಡಿ.

ಆಮೇಲೆ ಚೌಕಳಿ, ಪ್ರಿಂಟಿನ ಒಂದೊಂದು ಚೌಕದಲ್ಲಿ ಇರುವುದನ್ನು ಕ್ಯಾನ್ವಾಸಿನ ಅದೇ ಚೌಕಕ್ಕೆ ಇಳಿಸಲಿಕ್ಕೆ. 14 ಇಂಚು ಅಗಲಕ್ಕೆ ಏಳು, 16 ಇಂಚು ಎತ್ತರಕ್ಕೆ ಎಂಟು, ಎರಡೆರಡು ಇಂಚಿನ 56 ಚೌಕ. ಪ್ರಿಂಟ್‌ನಲ್ಲಿ ಚಿತ್ರವನ್ನು 26.25 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರಕ್ಕೆ ಇಟ್ಟುಕೊಂಡರೆ 3.75 ಸೆಂ.ಮೀ.ನ ಚೌಕಗಳು ಸರಿಯಾಗಿ ಕೂರುತ್ತವೆ. ಅಂಚಿನಲ್ಲಿ ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೆ ಚಿಂತೆ ಬೇಡ. ಗೆರೆಗಳನ್ನು ಸೀಮೆಸುಣ್ಣದಲ್ಲಿ ಎಳೆಯಿರಿ, ಆಮೇಲೆ ಒರೆಸಿದರೆ ಹೋಗುತ್ತದೆ.

ಗೆರೆ ಎಳೆಯುವಾಗ ಕಣ್ಣು, ಮೂಗು ಅಂತ ಹೆಸರಿಟ್ಟುಕೊಂಡು ಬರೆಯಬೇಡಿ. ತಲೆಯ ಹೊರ ಆಕಾರ, ತಲೆವಸ್ತ್ರ ಮತ್ತು ಹಣೆ ಸೇರುವ ಗೆರೆ, ನೆರಳು ಶುರುವಾಗುವ ಗೆರೆ. ಇವಿಷ್ಟು ಮೊದಲು. ನೆರಳಿನ ಗೆರೆಯನ್ನು ಕೂಡ ಗಲ್ಲದ ಗೆರೆಯಷ್ಟೇ ನಿಷ್ಠೆಯಿಂದ ಎಳೆಯಿರಿ. ಮುಗಿದ ಮೇಲೆ ಪ್ರಿಂಟ್, ಕ್ಯಾನ್ವಾಸ್ ಎರಡನ್ನೂ ತಲೆಕೆಳಗಾಗಿ ಇಟ್ಟು ನೋಡಿ. ತಪ್ಪು ಇದ್ದರೆ ಆಗ ಎದ್ದು ಕಾಣುತ್ತದೆ.

ಎರಡನೇ ಹೆಜ್ಜೆ: ಕಂದು ಬಣ್ಣದಲ್ಲಿ ಇಡೀ ಚಿತ್ರ

ನನ್ನ ಲೆಕ್ಕದಲ್ಲಿ ಅರ್ಧ ಸಮಯ ಇದಕ್ಕೇ ಹೋಗಬೇಕು. ಬಹಳ ಜನ ಇದನ್ನು ಒಂದು ಸಂಜೆಯಲ್ಲಿ ಮುಗಿಸಿ ಬಣ್ಣಕ್ಕೆ ಹಾರುತ್ತಾರೆ. ಆಮೇಲೆ ಬಣ್ಣ ಸರಿಯಿಲ್ಲ ಅಂತ ಒದ್ದಾಡುತ್ತಾರೆ. ಬಣ್ಣ ಸರಿಯೇ ಇರುತ್ತದೆ, ಟೋನ್, ಅಂದರೆ ಅದು ಎಷ್ಟು ಕಪ್ಪು, ಎಷ್ಟು ತಿಳಿ ಅನ್ನುವುದು, ತಪ್ಪಿರುತ್ತದೆ.

ಬರ್ನ್ಟ್ ಅಂಬರ್‌ಗೆ ಸ್ವಲ್ಪ ಕಪ್ಪು ಸೇರಿಸಿ. ಇನ್ನೊಂದು ಕಡೆ ಬಿಳಿ. ಇವೆರಡರ ನಡುವೆ ಐದು ಮೆಟ್ಟಿಲು ಬೆರೆಸಿ ಪ್ಯಾಲೆಟ್ಟಿನ (ಬಣ್ಣ ಬೆರೆಸುವ ಹಲಗೆಯ) ಮೇಲೆ ಸಾಲಾಗಿ ಇಡಿ. ಈಗ ಬ್ಲ್ಯಾಕ್ ಅಂಡ್ ವೈಟ್ ಪ್ರಿಂಟನ್ನು ಕಣ್ಣು ಅರೆಮುಚ್ಚಿ ನೋಡಿ. ಸಣ್ಣ ವಿವರಗಳೆಲ್ಲ ಹೋಗಿ ನಾಲ್ಕೈದು ದೊಡ್ಡ ತುಂಡುಗಳು ಉಳಿಯುತ್ತವೆ: ಕತ್ತಲ ಹಿನ್ನೆಲೆ, ಬೆಳಗಿದ ಮುಖ, ನಮ್ಮ ಬಲಗಡೆಯ ಕೆನ್ನೆ-ಕತ್ತಿನ ನೆರಳು, ತಲೆವಸ್ತ್ರದ ಬೆಳಕು ಮತ್ತು ನೆರಳು, ಅಂಗಿ. ಪ್ರತಿ ತುಂಡಿಗೂ ಒಂದೇ ಒಂದು ಮೆಟ್ಟಿಲಿನ ಬಣ್ಣ ಹಾಕಿ ಕ್ಯಾನ್ವಾಸ್ ತುಂಬಿಸಿ. ಈ ಹಂತದಲ್ಲಿ ಕಣ್ಣೇ ಇರುವುದಿಲ್ಲ. ಮನೆಯವರು “ಕಣ್ಣ ಎಲ್ಲೈತೋ ಇದಕ್ಕ?” ಅಂತ ನಗಬಹುದು. ನಗಲಿ ಬಿಡಿ. ಆರು ಅಡಿ ದೂರದಿಂದ ಅದು ಅದೇ ಹುಡುಗಿ ಅಂತ ಗುರುತು ಸಿಗಬೇಕು. ಸಿಗದಿದ್ದರೆ ತುಂಡುಗಳ ಆಕಾರವನ್ನೋ ಟೋನನ್ನೋ ತಿದ್ದಿ. ಕಣ್ಣು ಬರೆದು ಉಳಿಸಿಕೊಳ್ಳೋಣ ಅಂದುಕೊಳ್ಳಬೇಡಿ.

ಗುರುತು ಸಿಕ್ಕ ಮೇಲೆ ತುಂಡುಗಳ ನಡುವಿನ ಅಂಚುಗಳಿಗೆ ಬನ್ನಿ. ನನ್ನ ಮಟ್ಟಿಗೆ ಈ ಚಿತ್ರದ ದೊಡ್ಡ ಪಾಠ ಇರುವುದು ಇಲ್ಲೇ. ಮೂಗನ್ನು ನೋಡಿ. ನಮ್ಮ ಎಡಗಡೆ, ಬೆಳಕು ಬೀಳುವ ಕಡೆ, ಮೂಗಿಗೂ ಆಚೆಯ ಕೆನ್ನೆಗೂ ನಡುವೆ ಗೆರೆ ಇಲ್ಲ. ಎರಡೂ ಒಂದೇ ಟೋನ್, ಒಂದರಲ್ಲಿ ಇನ್ನೊಂದು ಕರಗಿದೆ. ನೋಡುವವರ ಕಣ್ಣೇ ಮೂಗನ್ನು ಪೂರ್ತಿ ಮಾಡಿಕೊಳ್ಳುತ್ತದೆ. ಅದೇ ಮುಖದ ಹೊರ ಅಂಚು ಹಿಂದಿನ ಕತ್ತಲಿಗೆ ತಾಗುವಲ್ಲಿ ಸ್ಪಷ್ಟವಾಗಿದೆ. ನಿಮ್ಮ ಕೈ ಅಲ್ಲಿ ಒಂದು ಮೂಗಿನ ಗೆರೆ ಎಳೆಯಲು ಹಾತೊರೆಯುತ್ತದೆ. ಎಳೆದು ನೋಡಿ ಬೇಕಾದರೆ, ಮುಖ ತಟ್ಟನೆ ಗೊಂಬೆಯಾಗುತ್ತದೆ. ಒರೆಸಿಬಿಡಿ. ಕರಗಬೇಕಾದ ಅಂಚುಗಳ ಮೇಲೆ ಒಣ, ಮೆತ್ತಗಿನ ಬ್ರಷ್ ಒಂದೆರಡು ಸಲ ಹಗುರವಾಗಿ ಆಡಿಸಿ. ಎಲ್ಲ ಅಂಚನ್ನೂ ಹೀಗೇ ಉಜ್ಜಿದರೆ ಮಾತ್ರ ಮುಖ ಮಂಜು ಮಂಜಾಗುತ್ತದೆ.

ಕಣ್ಣು, ತುಟಿಗಳನ್ನು ಈ ಪದರದ ಕೊನೆಗೆ ಹಾಕಿ. ಕಣ್ಣಿನ ಬಿಳಿ ಭಾಗ ನಿಜವಾದ ಬಿಳಿ ಅಲ್ಲ, ಕೆನ್ನೆಯ ಬೆಳಕಿಗಿಂತ ಕಪ್ಪು. ನಂಬಿಕೆ ಬರದಿದ್ದರೆ ಪ್ರಿಂಟಿನ ಮೇಲೆ ಎರಡು ಸಣ್ಣ ತೂತು ಮಾಡಿದ ಕಾಗದ ಇಟ್ಟು ಎರಡನ್ನೂ ಅಕ್ಕಪಕ್ಕ ನೋಡಿ. ಕೊನೆಗೆ ನಿಮ್ಮ ಕ್ಯಾನ್ವಾಸಿನ ಬ್ಲ್ಯಾಕ್ ಅಂಡ್ ವೈಟ್ ಫೋಟೋ ತೆಗೆದು ಪ್ರಿಂಟ್ ಪಕ್ಕ ಹಿಡಿಯಿರಿ. ಎಲ್ಲಿ ತಪ್ಪಿದೆ ಅನ್ನುವುದು ಗೊತ್ತಾಗುತ್ತದೆ.

ಇದು ಒಣಗಲು ಒಂದು ವಾರ ಕೊಡಿ. ಅಂಬರ್ ಬೇಗ ಒಣಗುತ್ತದೆ, ಟೈಟಾನಿಯಂ ವೈಟ್ ಮತ್ತು ಐವರಿ ಬ್ಲ್ಯಾಕ್ ತಡ. ಬೆರಳಿಗೆ ಅಂಟಿದರೆ ಇನ್ನೂ ಕಾಯಿರಿ.

ಮೂರನೇ ಹೆಜ್ಜೆ: ಬಣ್ಣ

ಇಲ್ಲಿಯವರೆಗೆ ಬಣ್ಣಕ್ಕೆ ಟರ್ಪೆಂಟೈನ್ ಮಾತ್ರ ಸೇರಿಸಿದ್ದೀರಿ. ಇನ್ನು ಮೇಲಿನ ಪದರಗಳಿಗೆ ಹನಿ ಹನಿ ಲಿನ್ಸೀಡ್ ಸೇರಿಸಬಹುದು. ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲಕ್ಕೆ ಹೋದಂತೆ ಜಾಸ್ತಿ. ಉಲ್ಟಾ ಮಾಡಿದರೆ ಮೇಲಿನದು ಮೊದಲು ಬಿಗಿದು, ಕೆಳಗಿನದು ಆಮೇಲೆ ಅಲುಗಾಡಿ, ಚಿತ್ರ ಬಿರುಕು ಬಿಡುತ್ತದೆ.

ವರ್ಮೀರ್‌ನ ಕ್ರಮದಲ್ಲೇ ಹಿನ್ನೆಲೆಯಿಂದ ಶುರು ಮಾಡಿ. ಕಪ್ಪಿಗೆ ಬರ್ನ್ಟ್ ಅಂಬರ್, ತುಸು ಅಲ್ಟ್ರಾಮರೀನ್. ಆಗಿನ ಹಸಿರು ಪರದೆ ಹಾಕೋಣವೇ ಅಂತ ಆಸೆಯಾಗಬಹುದು. ಬೇಡ. ಈಗ ಕಾಣುವುದನ್ನೇ ನಕಲು ಮಾಡಿ.

ಮುಖಕ್ಕೆ ಮುಂಚೆಯೇ ನಾಲ್ಕು ಗುಡ್ಡೆ ಬೆರೆಸಿಡಿ. ಬೆಳಕಿಗೆ ಬಿಳಿ, ಓಕರ್, ಚೂರು ವರ್ಮಿಲಿಯನ್. ಅದಕ್ಕೆ ಓಕರ್ ಮತ್ತು ಕೆಂಪು ಹೆಚ್ಚಿಸಿದರೆ ಕೆನ್ನೆ. ಬೆಳಕು ನೆರಳಿಗೆ ತಿರುಗುವ ಜಾಗಕ್ಕೆ ಮೊದಲ ಗುಡ್ಡೆಗೆ ಸ್ವಲ್ಪ ರಾ ಅಂಬರ್ ಮತ್ತು ಕಪ್ಪಿನ ಸುಳಿವು. ಇದು ಪ್ಯಾಲೆಟ್ಟಿನ ಮೇಲೆ ಕೊಳಕು ಬೂದು-ಹಸಿರಾಗಿ ಕಾಣುತ್ತದೆ. ಹೆದರಬೇಡಿ, ಕೆನ್ನೆಯ ಪಕ್ಕ ಕೂತಾಗ ಚರ್ಮ ಆಗುತ್ತದೆ. ನೆರಳಿಗೆ ಬರ್ನ್ಟ್ ಅಂಬರ್, ಸ್ವಲ್ಪ ಕ್ರಿಮ್ಸನ್. ನೆರಳಿಗೆ ಬಿಳಿ ಸೇರಿಸಬೇಡಿ, ಸುಣ್ಣ ಬಳಿದ ಹಾಗಾಗುತ್ತದೆ.

ನೆರಳು ತೆಳ್ಳಗೆ ಇರಲಿ, ಕೆಳಗಿನ ಕಂದು ಕಾಣಲಿ. ಬೆಳಕು ದಪ್ಪಗೆ ಬರಲಿ. ವರ್ಮೀರ್ ಬಳಸಿದ್ದು ಸೀಸದ ಬಿಳಿ. ನಮ್ಮ ಟೈಟಾನಿಯಂ ಅದಕ್ಕಿಂತ ಜೋರು, ತಣ್ಣಗಿನ ಬಿಳಿ. ಆದ್ದರಿಂದ ಹಣೆಯ ಬೆಳಕಿನಲ್ಲಿ ಕೂಡ ಚೂರು ಓಕರ್ ಇರಲೇಬೇಕು.

ಅಂಗಿ ಬೇಗ ಆಗುತ್ತದೆ, ಓಕರ್ ಮತ್ತು ಅಂಬರ್, ದೊಡ್ಡ ಬ್ರಷ್. ಕಾಲರ್‌ಗೆ ದಪ್ಪ ಬಿಳಿ, ಅದೂ ಬೆಳಕು ಬೀಳುವಲ್ಲಿ ಮಾತ್ರ.

ತಲೆವಸ್ತ್ರದ ನೀಲಿಗೆ ವರ್ಮೀರ್ ಹಾಕಿದ್ದು ಲ್ಯಾಪಿಸ್ ಲಾಜುಲಿ ಕಲ್ಲಿನಿಂದ ತೆಗೆದ ಅಲ್ಟ್ರಾಮರೀನ್. ಆ ಕಲ್ಲು ಅಫ್ಘಾನಿಸ್ತಾನದಿಂದ ಬರುತ್ತಿತ್ತು, ಬಲು ದುಬಾರಿ. ನಮಗೆ ಅದೇ ಹೆಸರಿನ ಟ್ಯೂಬ್ ಸುಲಭವಾಗಿ ಸಿಗುತ್ತದೆ. ಬೆಳಕಿನ ಮಡಿಕೆಗೆ ನೀಲಿ-ಬಿಳಿ, ನೆರಳಿಗೆ ನೀಲಿ-ಬರ್ನ್ಟ್ ಅಂಬರ್. ಒಣಗಿದ ಮೇಲೆ ಬರೀ ನೀಲಿಗೆ ಲಿನ್ಸೀಡ್ ಹನಿಸಿ, ತೀರಾ ತೆಳ್ಳಗೆ ಇಡೀ ನೀಲಿ ಭಾಗದ ಮೇಲೆ ಒಂದು ಪದರ ಎಳೆಯಿರಿ. ಕೆಳಗಿನ ನೆರಳು-ಬೆಳಕು ಕಾಣುತ್ತಲೇ ನೀಲಿಗೆ ಆಳ ಬರುತ್ತದೆ. ಗ್ಲೇಜ್ ಅನ್ನುವುದು ಇದನ್ನೇ.

ಕೊನೆಯ ಚುಕ್ಕೆಗಳು

ಮುತ್ತಿಗೆ ದುಂಡನೆಯ ಗೆರೆ ಎಳೆದು ಒಳಗೆ ಬಿಳಿ ತುಂಬುವವರೇ ಜಾಸ್ತಿ. ಮೂಲದಲ್ಲಿ ಅಂಥ ಗೆರೆ ಇಲ್ಲ, ಓಲೆಯ ಕೊಕ್ಕೆ ಕೂಡ ಇಲ್ಲ. ಮೇಲೆ ಎಡಕ್ಕೆ ಒಂದು ದಪ್ಪ ಬಿಳಿ ಹೊಡೆತ, ಕೆಳಗೆ ಕಾಲರ್‌ನ ಬಿಳಿ ಪ್ರತಿಫಲಿಸುವ ಮಸುಕಾದ ಪಟ್ಟಿ. ಉಳಿದದ್ದು ಕತ್ತಿನ ನೆರಳೇ. ಬಣ್ಣ ಬೆಣ್ಣೆಯ ಹದದಲ್ಲಿರಲಿ, ಬ್ರಷ್ ಒಮ್ಮೆ ಇಟ್ಟು ಎತ್ತಿಬಿಡಿ. ಸರಿ ಬರಲಿಲ್ಲವೋ, ಒರೆಸಿ ಮತ್ತೆ ಇಡಿ. ಮೇಲೆ ಮೇಲೆ ತಿದ್ದಿದರೆ ಮುತ್ತು ಸಾಯುತ್ತದೆ. ಕಣ್ಣಿನ ಹೊಳಪಿಗೆ, ತುಟಿಯ ಮೂಲೆಯ ಚಿಕ್ಕ ಗುಲಾಬಿ ಚುಕ್ಕೆಗೆ ಇದೇ ಮಾತು. ರೆಪ್ಪೆಕೂದಲು ಒಂದೊಂದಾಗಿ ಬರೆಯಲು ಹೋಗಬೇಡಿ. ವರ್ಮೀರ್ ಬರೆದಿದ್ದ ಅನ್ನುವುದು ಗೊತ್ತಾದದ್ದೇ 2018ರ ಸ್ಕ್ಯಾನಿನಲ್ಲಿ, ಬರಿಗಣ್ಣಿಗೆ ಅವು ಕಾಣುವುದಿಲ್ಲ.

ವಾರ್ನಿಷ್‌ಗೆ ಆರು ತಿಂಗಳು ಕಾಯಿರಿ. ಸಹಿಯನ್ನು ಚಿತ್ರದ ಹಿಂದೆ ಹಾಕಿ, ‘ವರ್ಮೀರ್‌ನ ಚಿತ್ರದ ನಕಲು’ ಅಂತ, ನಿಮ್ಮ ಹೆಸರು, ವರ್ಷ. ನಾಳೆ ಯಾರಿಗಾದರೂ ಕೊಟ್ಟರೂ ಮಾತು ಸ್ಪಷ್ಟ ಇರುತ್ತದೆ.

ಮುಂದೇನು

ಮೈಸೂರಿಗೆ ಹೋದಾಗ ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ಮೂಲ ಚಿತ್ರಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಪಕ್ಕಕ್ಕೆ ಸರಿದು ಓರೆಯಾಗಿ ನೋಡಿದರೆ ಬಣ್ಣ ಎಲ್ಲಿ ದಪ್ಪ, ಎಲ್ಲಿ ತೆಳು ಅನ್ನುವುದು ಗೊತ್ತಾಗುತ್ತದೆ. ಪ್ರಿಂಟ್‌ನಲ್ಲಿ ಅದು ಸಿಗುವುದಿಲ್ಲ. ಡಚ್ ಹುಡುಗಿಯ ಗುಲಾಬಿ ಚರ್ಮ ಕಲಿತ ಕೈಗೆ ನಮ್ಮ ಗೋಧಿ ಬಣ್ಣ, ಎಣ್ಣೆಗೆಂಪು ಹೇಗೆ ಕಟ್ಟಬೇಕು ಅಂತ ಕಲಿಯಲು ಎರಡನೇ ನಕಲು ಅವನದೇ ಆಗಲಿ. ಬರ್ನ್ಟ್ ಸಿಯೆನ್ನಾ ಒಂದು ಟ್ಯೂಬ್ ಹೊಸದಾಗಿ ಬೇಕಾಗುತ್ತದೆ. ಬಿಳಿ ಕಡಿಮೆ ಮಾಡಿ, ಓಕರ್ ಮತ್ತು ಸಿಯೆನ್ನಾದಿಂದಲೇ ಬೆಳಕು ಕಟ್ಟಿ. ಕಂದು ಚರ್ಮದ ಮೇಲೆ ಹೊಳಪು ಜಾಸ್ತಿ ಕಾಣುತ್ತದೆ. ಆಕಾಶದ ಬೆಳಕು ಬಿದ್ದಲ್ಲಿ ಅದು ತುಸು ನೀಲಿ-ಬೂದು.

ಅದಾದ ಮೇಲೆ ಮನೆಯವರನ್ನೇ ಅದೇ ಕಿಟಕಿಯ ಪಕ್ಕ ಕೂರಿಸಿ. ಬೆಳಕು ಎಡದಿಂದ, ಹಿಂದೆ ಒಂದು ಕಪ್ಪು ಕಂಬಳಿ. ಅದೇ ಕಂದು ಪದರದಿಂದ ಶುರು ಮಾಡಿ, ಮೊದಲ ದಿನ ಕಣ್ಣು-ಮೂಗಿನ ಗೊಡವೆ ಬೇಡ. ಕೂತವರನ್ನು ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ಓಡಾಡಲು ಬಿಡಿ. ಕುರ್ಚಿಯ ಕಾಲುಗಳ ಸುತ್ತ ನೆಲದ ಮೇಲೆ ಸೀಮೆಸುಣ್ಣದ ಗುರುತು ಹಾಕಿದರೆ ವಾಪಸ್ ಅದೇ ಜಾಗಕ್ಕೆ ಕೂರಿಸಬಹುದು.